ಕಿಲೋಗೆ ಹದಿನಾಲ್ಕು ರೂಪಾಯಿ

ದುರ್ಗಿಗುಡಿಯ ಹಿಂದಿನ ಓಣಿಯಲ್ಲಿ
ಮೆಹಬೂಬಿ ಅಕ್ಕನ ರದ್ದಿ ಅಂಗಡಿ.
ಶನಿವಾರ ಪ್ರೆಸ್ಸು ಅರ್ಧ ದಿನ. ನಾನು
ಊಟದ ಡಬ್ಬಿ ಲೊಟಗುಟ್ಟಿಸುತ್ತ ಅಲ್ಲಿಗೇ ನಡೆಯುತ್ತೇನೆ.
ತಕ್ಕಡಿಗೆ ಓದು ಬರುವುದಿಲ್ಲ.
ಗೈಡು, ಪಂಚಾಂಗ, ಕಾದಂಬರಿ, ಕೋರ್ಟಿನ ಕಾಗದ
ಎಲ್ಲಕ್ಕೂ ಒಂದೇ ಕಲ್ಲು.

ನನಗೆಂದೇ ಅಕ್ಕ ಒಂದು ಗೋಣಿಚೀಲ ಬೇರೆ ಇಟ್ಟಿರುತ್ತಾಳೆ.
"ಕೈಬರಹದ್ದು. ಬೇರೆ ಯಾರಿಗ್ ಬೇಕಮ್ಮ ಇದು?"

ಆ ಚೀಲದೊಳಗೇ ಸಿಕ್ಕರು ನನ್ನ ಜನ.
ಒಬ್ಬರು, ಹೆಸರು ಬರೆದಿಲ್ಲ, ಹಸಿರು ಇಂಕು,
ಹನ್ನೊಂದು ವರ್ಷ ದಿನಾ ಬೆಳಗ್ಗೆ ತುಂಗೆಯ ಸೇತುವೆ ಮೇಲೆ ನಿಂತು
ಬರೆದದ್ದು ಒಂದೇ ಸಾಲು:
ಮಂಟಪ ಕಾಣುತ್ತದೆ.
ಮಂಟಪ ಕಾಣುತ್ತದೆ.
ಮಂಟಪ ಕಾಣುತ್ತದೆ.
ಆಷಾಢದಲ್ಲೊಂದು ದಿನ: ಕಾಣುವುದಿಲ್ಲ.
ಎದೆ ಧಸಕ್ಕೆಂದಿತು. ಮರುದಿನ ಏನಾಯಿತೆಂದು
ಅನ್ನ ಆರಲು ಬಿಟ್ಟು ಪುಟ ತಿರುವಿದೆ.
ಯಾವ ಪತ್ತೇದಾರಿ ಕಾದಂಬರಿಯೂ ನನ್ನನ್ನು ಹೀಗೆ ಕಾಡಿರಲಿಲ್ಲ.

ಹೊಸನಗರದ ನರ್ಸಮ್ಮ ಫಿಲೋಮಿನಾ
ಲೈಬ್ರರಿ ಪುಸ್ತಕಗಳ ನಡುವೆ ಸಿಕ್ಕಿದ್ದನ್ನೆಲ್ಲ ಅಂಟಿಸಿದ್ದಾಳೆ,
ಬಸ್ ಟಿಕೆಟ್ಟು, ನವಿಲುಗರಿಯ ಎಳೆ, ಜ್ವರದ ಚೀಟಿ.
ಒಂದು ಕಡೆ ಎಣ್ಣೆಯ ಕಲೆಯನ್ನು
ಪೆನ್ಸಿಲಿನಲ್ಲಿ ಅಳತೆ ಹಿಡಿದು ಬಿಡಿಸಿ, ಕೆಳಗೆ:
"ಚಕ್ಕುಲಿ ಇರಬೇಕು. ೧೧೨ರ ಆಚೆ ಇವರು ಓದಿಲ್ಲ."

ಆದರೆ ಗುತ್ಯಪ್ಪನವರ ವಿಷಯ ಹೇಳಬೇಕು.
ಕರೆಂಟಿನ ಮೀಟರು ಓದುವ ಕೆಲಸ,
ಶಿವಮೊಗ್ಗದ ಒಂದು ಗಲ್ಲಿಯೂ ಬಿಡದೆ ತುಳಿದ ಕಾಲು.
ಒಂದು ಕಿಸೆಯಲ್ಲಿ ಯೂನಿಟ್ಟಿನ ಲೆಕ್ಕ,
ಇನ್ನೊಂದರಲ್ಲಿ ಈ ನೋಟುಬುಕ್ಕು: ಊರಿನ ಬೋರ್ಡುಗಳ ತಪ್ಪು.

ಗಾಂಧಿ ಬಜಾರು. "ಇಲ್ಲಿ ಒಳ್ಳೆಯ ಹಕ್ಕಿ ದೊರೆಯುತ್ತದೆ."
ಒಳಗೆ ಹೋಗಿ ಕೇಳಿದೆ. ಸೋನಾ ಮಸೂರಿ ತೋರಿಸಿದರು.
ಬಿ.ಎಚ್. ರಸ್ತೆ. "ಅಣ್ಣಿನ ಅಂಗಡಿ."
ಅಣ್ಣ ಇರಲಿಲ್ಲ. ತಂಗಿ ಮೂಸಂಬಿ ತೂಗಿದಳು.

ತಾರೀಖು, ಕಂಬದ ನಂಬರು, ಬಣ್ಣದ ಹೆಸರು.
ವರ್ಷ ಬಿಟ್ಟು ಮತ್ತೆ ಹೋಗಿ ನೋಡಿ,
"ಇನ್ನೂ ಹಾಗೇ ಇದೆ. ಸಂತೋಷ."
ಯಾರಾದರೂ ತಿದ್ದಿಬಿಟ್ಟಿದ್ದರೆ ಕೆಂಪಿನಲ್ಲೊಂದು ಗೆರೆ,
ರೇಷನ್ ಕಾರ್ಡಿನಲ್ಲಿ ತೀರಿಕೊಂಡವರ ಹೆಸರಿನ ಮೇಲೆ ಎಳೆದಂತೆ.

ನಾನೋ, ಇಪ್ಪತ್ತೆರಡು ವರ್ಷದಿಂದ ಕರಡು ತಿದ್ದುವವಳು.
ಮಹಾಪ್ರಾಣದ ಹೊಟ್ಟೆ ಸೀಳಿ, ಅರ್ಕಾವತ್ತು ಎಳೆದು,
ಬಿಟ್ಟುಹೋದ ದೀರ್ಘಕ್ಕೆ ಕೊಂಬು ಸಿಕ್ಕಿಸಿಯೇ ತಿಂದದ್ದು ಅನ್ನ.
ತಪ್ಪೆಂದರೆ ತಿಗಣೆ ಎಂದುಕೊಂಡಿದ್ದೆ. ಹುಡುಕು, ಹೊಸಕು.
ಈ ಮನುಷ್ಯ ಅವುಗಳ ಮುಂದೆ
ಹಕ್ಕಿ ನೋಡುವವರ ಹಾಗೆ
ಸದ್ದು ಮಾಡದೆ ನಿಂತಿದ್ದಾರೆ.

ತೊಂಬತ್ತನೇ ಪುಟದಲ್ಲಿ ಒಂದು ಗೃಹಪ್ರವೇಶದ ಕಾರ್ಡು.
ನಮ್ಮದೇ ಪ್ರೆಸ್ಸು. ನನ್ನದೇ ಕಣ್ಣು ದಾಟಿ ಹೋದದ್ದು:
"ಆದರದ ಅಹ್ವಾನ."
ಕಿವಿ ಬಿಸಿಯಾಯಿತು. ಪಕ್ಕದಲ್ಲಿ ಸಣ್ಣಗೆ,
"ದೀರ್ಘ ಇಲ್ಲ. ಆದರೂ ಹೋದೆ. ಹೋಳಿಗೆಯಲ್ಲಿ ತಪ್ಪಿರಲಿಲ್ಲ."

ವಿನೋಬನಗರದ ಬಾಡಿಗೆ ಕೋಣೆಯಲ್ಲಿ ರಾತ್ರಿ
ಎಡಗೈಗೆ ಪುಸ್ತಕ, ಬಲಗೈಗೆ ಚಿತ್ರಾನ್ನ.
ಅರಿಸಿನ ತಾಗದಂತೆ ಮೊಣಕೈಯಲ್ಲಿ ಪುಟ ಮಗುಚುವ ವಿದ್ಯೆ
ಊರಲ್ಲಿ ನನಗೊಬ್ಬಳಿಗೇ ಬರುವುದೆಂಬ ಜಂಬ
ಈಗ ಇಲ್ಲ.
"ಮದುವೆ ಯಾಕ್ ಮಾಡ್ಕೊಳ್ಲಿಲ್ರೀ?" ಎನ್ನುವ ಕೆಳಮನೆಯ ವಾಸಂತಿಗೆ
ಮಂಚ ತೋರಿಸುತ್ತೇನೆ. ಕಾಲು ಭಾಗ ನಾನು,
ಮುಕ್ಕಾಲು ಪುಸ್ತಕ. ಜಾಗ ನೀವೇ ಹುಡುಕಿಕೊಡಿ.

ಭಾನುವಾರ ಗಾಂಧಿ ಬಜಾರಿಗೆ ಹೋದೆ.
ಹೊಸ ಫ್ಲೆಕ್ಸು, ದಪ್ಪಕ್ಷರ: ಅಕ್ಕಿ. ಸರಿಯಾಗಿದೆ.
ಯಾಕೋ ಗೂಡು ಖಾಲಿ ಅನಿಸಿತು.
ಎರಡು ಕಿಲೋ ಕೊಂಡು, ಸೇತುವೆ ಮೇಲೆ ಸ್ವಲ್ಪ ನಿಂತು, ಬಂದೆ.
ಮಂಟಪ ಕಾಣುತ್ತದೆ.

ಸೋಮವಾರ ಮೇಜಿನ ಮೇಲೆ ಸೊಸೈಟಿಯ ವಾರ್ಷಿಕ ಸಭೆಯ ಕರಡು:
"ಸರ್ವ ಸದಸ್ಯರಿಗೂ ಆರ್ಥಿಕ ಸ್ವಾಗತ."
ತಿದ್ದಿದೆ. ಸಂಬಳ ಕೊಡುವುದು ಅದಕ್ಕೇ.
ತಿದ್ದುವ ಮೊದಲು, ಗುತ್ಯಪ್ಪನವರು ಬಿಟ್ಟ ಖಾಲಿ ಪುಟದಲ್ಲಿ
ತಾರೀಖು ಹಾಕಿ ಬರೆದುಕೊಂಡೆ.