ಬೀಜಕ್ಕೆ ಬಿಟ್ಟದ್ದು

ಆಂಟೆಪ್ ನಗರದ ಶಾಲೆಯಲ್ಲಿ ನಾನು ಜೀವಶಾಸ್ತ್ರದ ಟೀಚರಾಗಿದ್ದೆ.
ನೇರಳೆ ಎಸಳು, ಹಳದಿ ಕೇಸರ, ಅಂಡಾಶಯ
ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟು ಸಲ ಬರೆದಿಲ್ಲ!
ಎಲ್ಲ ಪುಸ್ತಕದ ಬದನೆಕಾಯಿ.

ಮದುವೆಯಾಗಿ ಈ ಹೊಸ ಊರಿಗೆ ಬಂದ ಮೊದಲ ವರ್ಷ,
ಅಕ್ಟೋಬರ್ ಕೊನೆ.
ಮಗಳ ಬಾಣಂತನಕ್ಕೆಂದು ಹೋಗಿದ್ದರು ಅತ್ತೆ ಹಲೀಸೆ.
ಹಿತ್ತಿಲಲ್ಲಿ ಹದಿನಾಲ್ಕು ಗಿಡ.
ಕೊನೆಯದರ ಬುಡದಲ್ಲಿ, ಮುಳ್ಳೆಲೆಯ ಮರೆಯಲ್ಲಿ
ನೆಲಕ್ಕೆ ಹೊಟ್ಟೆ ಊರಿ ಕೂತಿತ್ತು ಒಂದು,
ಹಳದಿಗೆ ತಿರುಗಿ, ಹಳದಿ ಕಂದಾಗಿ,
ತೊಟ್ಟಿಗೊಂದು ಕೆಂಪು ನೂಲು ಕಟ್ಟಿಸಿಕೊಂಡು.
ಯಾರ ಕಣ್ಣಿಗೂ ಬೀಳದೆ ಬಲಿತು ಕೆಟ್ಟಿದೆ ಅಂದುಕೊಂಡೆ.
ನೂಲು ಯಾಕೆ ಅಂತ ಹೊಳೆಯಲಿಲ್ಲ.
ಕಿತ್ತೆ, ಹೋಳು ಮಾಡಿದೆ, ಕೋಳಿಗೆ ಎಸೆದೆ.
ಎಂಥ ಖುಷಿಯಲ್ಲಿ ತಿಂದವು ಅವು!

ಬಂದವರು ಚೀಲ ಇಳಿಸದೆಯೇ ಹಿತ್ತಿಲಿಗೆ ಹೋದರು.
ಮೂರು ದಿನ ಮಾತಿಲ್ಲ.
ನಾಲ್ಕನೆಯ ದಿನ ಈರುಳ್ಳಿ ಹೆಚ್ಚುತ್ತ ಹೇಳಿದರು
ಈರುಳ್ಳಿಗೇ ಹೇಳಿದ ಹಾಗೆ:

ಅಣೆಕಟ್ಟಿನ ನೀರು ಬರುವ ಮೊದಲು, ಹಳೆಯ ಊರಲ್ಲಿ
ಫಿರಾತ್ ನದಿಯ ಮಗ್ಗುಲಿಗೆ ಅವರ ಅತ್ತೆಯ ಅತ್ತೆ ಬೆಳೆಯುತ್ತಿದ್ದ ಬದನೆ ಅದು.
ಉದ್ದ ಅನ್ನುವ ಹಾಗಿಲ್ಲ, ಗುಂಡು ಅನ್ನುವ ಹಾಗಿಲ್ಲ,
ಕತ್ತಿನ ಬಳಿ ಮಗುವಿನ ಹಾಲುಹಲ್ಲಿನಷ್ಟು ಬಿಳಿ.
ತಿರುಳು ಕೊರೆದು ದಾರಕ್ಕೆ ಪೋಣಿಸಿ ಒಣಗಿಸಿದರೆ
ಚಳಿಗಾಲವೆಲ್ಲ ಸೂರಿನಡಿ ಗಾಳಿಗೆ ಗಲಗಲ.
ಊರು ಬಿಟ್ಟ ದಿನ ಲಾರಿಗೆ ಬಾಗಿಲು ಏರಿತು, ಮಂಚ ಏರಿತು,
ಮಾವನ ಮುರಿದ ರೇಡಿಯೋ ಕೂಡ ಏರಿತು.
ಬೀಜ ಮಾತ್ರ ಅತ್ತೆಯ ಸೊಂಟದ ಗಂಟಿನಲ್ಲಿ.
ಆಮೇಲೆ ವರ್ಷಕ್ಕೊಂದು ಕಾಯಿ, ನೂಲು ಕಟ್ಟಿ ಬಿಟ್ಟದ್ದು.
ಡಬ್ಬಿಯಲ್ಲಿ ಉಳಿದದ್ದು ಈ ವಸಂತದಲ್ಲಿ ಇಲಿಯ ಪಾಲು.
ಇನ್ನೊಂದು ಕಾಯಿ ಬಲಿಯಲು ಬಿಸಿಲು ಬಾಕಿಯಿಲ್ಲ.

ಶುಕ್ರವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿ ನಿಂತು "ನಡಿ" ಅಂದರು.
ಎರಡು ಮಿನಿಬಸ್ಸು, ಒಂದು ಏರು, ನೀಲಿ ಬಾಗಿಲು.
ಹಳೆಯ ಊರಲ್ಲಿ ಗೋಡೆಯಾಚೆಗಿದ್ದ ನಜೀರೆ.
ಒಂದು ಮಧ್ಯಾಹ್ನ ಆ ಗೋಡೆಯ ಮೇಲಿಂದ ಬಂದಿತ್ತಂತೆ ಅವಳ ಕೈ;
ನಲ್ಲಿಕಟ್ಟೆಯಲ್ಲಿ ಎಲ್ಲರೆದುರು ಕಳ್ಳಿ ಅಂದಿದ್ದರಂತೆ ಇವರು.
ಇಪ್ಪತ್ತಮೂರು ವರ್ಷ.

ಚಹಾ ಬಂತು. ಸಕ್ಕರೆ ಕರಗಿತು. ಇಬ್ಬರೂ ನೋಡಿದ್ದು ಕ್ಯಾಲೆಂಡರನ್ನು.
"ಕಾಯಿ ಕದ್ದವರು ಬೀಜ ಇಟ್ಟುಕೊಂಡರೋ
ತಿಂದು ತೇಗಿದರೋ," ಅಂದರು ಅತ್ತೆ, ಕ್ಯಾಲೆಂಡರಿಗೆ.
"ಕದ್ದದ್ದು ಎರಡು," ಅಂದಳು ನಜೀರೆ.
"ಒಂದನ್ನು ತಿಂದೆ. ಚೆನ್ನಾಗಿತ್ತು."
ಕೋಲೂರಿ ಎದ್ದು ಒಳಗೆ ಹೋಗಿ
ಹಳೆಯ ಕನ್ನಡಕದ ಪೆಟ್ಟಿಗೆ ತಂದಿಟ್ಟಳು.
ಒಳಗೆ ಕಾಗದ, ಕಾಗದದೊಳಗೆ ಹೋದ ವರ್ಷದ ಬೀಜ.
ಕ್ಷಮೆ ಯಾರೂ ಕೇಳಲಿಲ್ಲ.
ಹೊರಡುವಾಗ ಚಪ್ಪಲಿಯನ್ನು ಮಾತ್ರ ಮುಂದಕ್ಕೆ ತಿರುಗಿಸಿಟ್ಟಿದ್ದಳು.

ಫೆಬ್ರವರಿಯಲ್ಲಿ ಬೋಗುಣಿಯ ತುಂಬ ನೀರು, ಬೀಜ ಸುರಿದೆವು.
ಕೆಳಗೆ ಕೆರೆಯಾಗಿ ಮಲಗಿದ ನದಿಯ ಮೇಲೆ
ಪ್ರವಾಸಿಗರ ದೋಣಿ ಹೋಗುತ್ತಿತ್ತು;
ಮೈಕಿನವನು ಮಸೀದಿಯ ಮಿನಾರು ತೋರಿಸುತ್ತಿದ್ದ,
ನೀರಿನ ಮೇಲೆ ಉಳಿದಷ್ಟನ್ನು.
ಅತ್ತೆ ಆ ಕಡೆ ನೋಡಲಿಲ್ಲ. ಬೋಗುಣಿಗೆ ಬಾಗಿದ್ದರು.
"ತೇಲಿದ್ದು ಜೊಳ್ಳು, ಕೋಳಿಗೆ ಹಾಕು.
ಮುಳುಗಿದ್ದು ನಮ್ಮದು."

ಈ ವರ್ಷ ಕೆಂಪು ನೂಲು ಕಟ್ಟಿದ್ದು ನಾನು.
ಎರಡು ಕಾಯಿಗೆ.
ಒಂದು ಹಿತ್ತಿಲ ನಟ್ಟನಡುವೆ.
ಇನ್ನೊಂದು ಗೋಡೆಗೆ ಒರಗಿದ ಗಿಡದಲ್ಲಿ, ತುಸು ಎತ್ತರಕ್ಕೆ,
ಆಚೆಯಿಂದ ಕೈ ಚಾಚಿದರೆ ಸಿಗುವ ಹಾಗೆ.