ರಜೆಯಲ್ಲಿ ಮೇಸ್ತ್ರಿ

ಹದಿನಾಲ್ಕು ವರ್ಷ ಶಿಮ್ಕೆಂಟಿನ ಮಂದಿಯ ಬಚ್ಚಲಿಗೆಲ್ಲ
ಬಿಲ್ಲೆ ಕೂರಿಸಿದ ಅಪ್ಪ
ಮೊದಲ ಸಲ ಗಡಿ ದಾಟಿದ, ಬರಿಗೈಯಲ್ಲಿ.
ಬರಿಗೈ ಎಂದು ಅಮ್ಮ ನಂಬಿದ್ದಳು.
ತಾಷ್ಕೆಂಟಿನಲ್ಲಿ ಟವೆಲು ಹುಡುಕುವಾಗ
ಚೀಲದ ತಳದಲ್ಲಿ ರಸಮಟ್ಟ ಸಿಕ್ಕಿತು,
ಉಣ್ಣೆಯ ಕಾಲುಚೀಲದೊಳಗೆ, ಕದ್ದ ಮಾಲಿನ ಹಾಗೆ.
"ಜೊತೆಗಿರಲಿ ಅಂತ, ಮರ್ಜಾನ್," ಎಂದ.
ಅಮ್ಮ ತುಟಿ ಬಿಚ್ಚಲಿಲ್ಲ
ಸಮರ್ಖಂದ್ ದಾಟುವ ತನಕ.

ಮೂರು ವರ್ಷ ಕೂಡಿಟ್ಟ ದುಡ್ಡು.
ಶಾಲೆಯಲ್ಲಿ ಇತಿಹಾಸ ಹೇಳುವ ಅಮ್ಮ
ಅಮೀರರನ್ನೂ ಖಾನರನ್ನೂ ನೋಟ್‌ಬುಕ್ಕಿನಲ್ಲಿ
ಸಾಲಾಗಿ ನಿಲ್ಲಿಸಿ ಹಾಜರಿ ಹಾಕಿದ್ದಳು.
ಅಪ್ಪನ ತಲೆಯಲ್ಲಿ ಇಸವಿ ನಿಲ್ಲುವುದಿಲ್ಲ,
ಗಾರೆ ಆರಲು ಎಷ್ಟು ಹೊತ್ತು ಎಂಬುದು ನಿಲ್ಲುತ್ತದೆ.
ರೈಲಿನಲ್ಲಿ ಕೊಂಡ ರೊಟ್ಟಿಯನ್ನೂ ತಿರುಗಿಸಿ ನೋಡಿದ,
ಅಚ್ಚೊತ್ತಿದ ಹೂವು ನಟ್ಟನಡುವೆ ಇದೆಯೇ ಎಂದು.
ತಮ್ಮ ಅಲ್ದಿಯಾರ್ ಆ ಹೂವನ್ನೇ ಮೊದಲು ತಿಂದ.

ಬುಖಾರದಲ್ಲಿ ಸನೋಬರ್ ಅಜ್ಜಿಯ ಮನೆ,
ಅಂಗಳದಲ್ಲಿ ಹಿಪ್ಪುನೇರಳೆ ಮರ, ನೆಲವೆಲ್ಲ ನೇರಳೆ ಕಲೆ.
ನೀರಿಗೆ ನಾವು ಸು ಎಂದರೆ ಅವಳು ಸುವ್,
ರೊಟ್ಟಿಗೆ ನಾವು ನಾನ್ ಎಂದರೆ ಅವಳು ನೋನ್,
ಮಿಕ್ಕಿದ್ದನ್ನೆಲ್ಲ ಕೈಯೇ ಆಡಿತು.
ಅವಳ ಬಚ್ಚಲಿನಲ್ಲಿ ಮಾತ್ರ ಅನುವಾದ ಬೇಕಿರಲಿಲ್ಲ:
ನೀರು ಕಿಂಡಿಯತ್ತ ಹೋಗದೆ
ಬಾಗಿಲ ಬಳಿ ಬಂದು ನಿಲ್ಲುತ್ತಿತ್ತು, ಸಾಲಗಾರನಂತೆ.

ಮರುದಿನ ನಾವು ಮೂವರೇ ದೊಡ್ಡ ಮಿನಾರಿನಡಿ ನಿಂತೆವು.
ಗೆಂಘಿಸ್ ಖಾನ ಕೂಡ ಇದನ್ನು ಉಳಿಸಿದನಂತೆ, ಅಮ್ಮ ಓದಿದಳು,
ಅಪ್ಪನಿಗೆ ಕೇಳಲೆಂಬಂತೆ ಜೋರಾಗಿ.
ಅಪ್ಪ ಅಲ್ಲಿರಲಿಲ್ಲ.
ಸಂಜೆ ಬಂದಾಗ ಪ್ಯಾಂಟು ಮಡಚಿಕೊಂಡು
ಪರರ ಬಚ್ಚಲಲ್ಲಿ ಮಂಡಿಯೂರಿದ್ದ.
ಅಜ್ಜಿ ಹೊಸ್ತಿಲಲ್ಲಿ ಕೂತು ಚಹಾ ಸುರಿಯುತ್ತಿದ್ದಳು,
ಅರ್ಧ ಬಟ್ಟಲಷ್ಟೇ, ಮತ್ತೆ ಮತ್ತೆ.
ಚೊಂಬು ನೀರು ಹುಯ್ದು ತೋರಿಸಿದ:
ನೀರು ಒಂದು ಕ್ಷಣ ಯೋಚಿಸಿ
ಕಿಂಡಿಯ ಕಡೆ ನಡೆಯಿತು.
ಅಜ್ಜಿ ಚಪ್ಪಾಳೆ ತಟ್ಟಿದಳು.
ಅಮ್ಮ ಹೊರಗೆ ಹೋಗಿ ಮರದ ಕೆಳಗೆ ಅತ್ತಳು.
ಮೂರು ವರ್ಷ ಎಂದಳು ನನಗೆ. ಮೂರು ವರ್ಷ, ಬಚ್ಚಲು ನೋಡಲು.
ಅವಳ ಚಪ್ಪಲಿಗೆ ಹಣ್ಣಿನ ರಸ ಅಂಟಿತ್ತು.
ನನಗೆ ಏನೂ ಹೇಳಲು ತೋಚಲಿಲ್ಲ.

ಖೀವಾದಲ್ಲಿ ಆ ಮೊಟಕು ಮಿನಾರು,
ಕುತ್ತಿಗೆ ಇಲ್ಲದ ಪೈಲ್ವಾನನಂತೆ ದಪ್ಪ,
ಮೈತುಂಬ ಹಸಿರು ನೀಲಿ.
ಕಟ್ಟಿಸುತ್ತಿದ್ದ ಖಾನ ಸತ್ತ, ಕೆಲಸ ನಿಂತಿತು, ಅಮ್ಮನ ವರದಿ.
ಅಪ್ಪ ಬಹಳ ಹೊತ್ತು ಮೇಲೆ ನೋಡಿದ.
"ಆ ವಾರದ ಬಟವಾಡೆ ಆಯಿತೋ ಇಲ್ಲವೋ."
ಅಮ್ಮ ನೋಟ್‌ಬುಕ್ಕು ತಿರುವಿದಳು,
ತಿರುವಿ, ಮುಚ್ಚಿದಳು.
ಅವಳಿಗೆ ನಗು ಬಂತು, ತಡೆಯಲು ಕೆಮ್ಮಿದಳು.

ಪಕ್ಕದ ಗಲ್ಲಿಯ ಮದರಸಾದ ಗೋಡೆಗೆ
ಮತ್ಯಾಕುಬ್ ಎಂಬ ಮುದುಕ ಹೊಸ ಬಿಲ್ಲೆ ಹಚ್ಚುತ್ತಿದ್ದ.
ಅಪ್ಪ ರಸಮಟ್ಟ ತೆಗೆದು ಕೇಳುವವನಂತೆ ಚಾಚಿದ.
ಮುದುಕ ತಲೆಯಾಡಿಸಿದ.
ಹಳೆಯ ಸಾಲಿನ ಮೇಲಿಟ್ಟರು.
ಗುಳ್ಳೆ ಎಡಕ್ಕೆ ಜಾರಿತು.
ಹೊಸ ಸಾಲಿನ ಮೇಲಿಟ್ಟರು. ಅದೂ ಎಡಕ್ಕೇ.
ಇಬ್ಬರೂ ಬೆಪ್ಪಾಗಿ ನೋಡಿ, ಆಮೇಲೆ ಎಂಥ ನಗು!
"ಹಳೆಯದರ ಜೊತೆ ಹೋಗಬೇಕಲ್ಲ," ಎಂದನಂತೆ ಮುದುಕ.
ಅಷ್ಟು ಅಪ್ಪನಿಗೆ ಅರ್ಥವಾಯಿತು.
ಮುಂದಿನ ಮಾತು ಖಾನರದಲ್ಲ, ಮಂಡಿಯದು:
ಮುದುಕ ಪೈಜಾಮ ಎತ್ತಿ ತನ್ನ ಗಡ್ಡೆ ತೋರಿಸಿದ,
ಅಪ್ಪ ತನ್ನದನ್ನು,
ಪದಕ ಹೋಲಿಸುವ ಸೈನಿಕರ ಹಾಗೆ.

ಅಮ್ಮ ಎತ್ತಲೋ ಹೋದಳು, ಹೇಳದೆ.
ಮತ್ತೆ ಸಿಟ್ಟು ಬಂತೇ ಎಂದುಕೊಂಡೆ.
ಔಷಧಿ ಅಂಗಡಿಯಿಂದ ಬಂದಳು, ಎರಡು ಮುಲಾಮು.
ಒಂದು ಮುದುಕನ ಬಕೆಟ್ಟಿನ ಪಕ್ಕ ಇಟ್ಟಳು.
ಇನ್ನೊಂದರ ಕರ್ಪೂರದ ವಾಸನೆ
ಊರು ತಲುಪುವ ತನಕ ಡಬ್ಬಿಯಿಡೀ ತುಂಬಿ
ಅಲ್ದಿಯಾರ್ ಮೂಗು ಮುಚ್ಚಿಕೊಂಡೇ ಮಲಗಿದ.