ಅಂಟು

ಮೂವತ್ತೊಂದು ವರ್ಷ ಮೈದಾ ನಾದಿದ ಕೈ ಇದು.
ಬೆರಳ ಸಂದಿಯಲ್ಲಿ ಬಿಳಿ, ಹುಬ್ಬಿನಲ್ಲಿ ಬಿಳಿ.
ಸಾಗರದ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ
ಶಾಲೆ ಮಕ್ಕಳಿಗೆಲ್ಲ ನಾನು ಬ್ರೆಡ್ಡಜ್ಜ.

ಕಳೆದ ಮಳೆಗಾಲ ಹೊಟ್ಟೆ ಮಾತು ಕೇಳದಾಯಿತು.
ಸೆಜಾರಿನ್ ನನ್ನ ಬೆಲ್ಟಿಗೆ ಹೊಸ ತೂತು ಕೊರೆದಳು,
ಇನ್ನೊಂದು, ಮತ್ತೊಂದು.
ಶಿವಮೊಗ್ಗದ ಡಾಕ್ಟರು ಚೀಟಿ ನೋಡಿ ಕೇಳಿದರು:
‘ಏನು ಕೆಲಸ?’
ಹೇಳಿದೆ.
ಅವರು ಕನ್ನಡಕ ತೆಗೆದು ಒರೆಸಿದರು,
ಒರೆಸುತ್ತಲೇ ಇದ್ದರು.

ಗೋಧಿಯೊಳಗೆ ಒಂದು ಅಂಟು ಇದೆಯಂತೆ.
ಇದೆಯಂತೆ! ನನಗೆ ಹೇಳುತ್ತಾರೆ.
ಕತ್ತಲಲ್ಲೂ ಬಲ್ಲೆ ನಾನದನ್ನು:
ಎಳೆದಷ್ಟೂ ಬರುವ, ದೀಪಕ್ಕೆ ಹಿಡಿದರೆ
ಬೆಳಕು ಸೋಸುವ ತೆಳ್ಳನೆ ಪೊರೆ,
ಉಬ್ಬಿದ ಬನ್ನನ್ನು ಕುಸಿಯದಂತೆ ಹಿಡಿವ ಕೈ.
ಈ ಮನೆಗೆ ಹೆಂಚು ಹೊದಿಸಿದ್ದು ಆ ಅಂಟು,
ಈಗ ಕರುಳು ಸವೆಸುತ್ತಿರುವುದೂ ಅದೇ.

ಇಗರ್ಜಿಯಲ್ಲಿ ಪರಮಪ್ರಸಾದಕ್ಕೂ ನಾಲಿಗೆ ಚಾಚುವಂತಿಲ್ಲ.
ಪಾದ್ರಿಗಳು ಬಟ್ಟಲು ಮಾತ್ರ ಮುಂದೆ ಹಿಡಿದರು.
ಹಿಂದಿನ ಸಾಲಲ್ಲಿ ಪಿಸುಮಾತು:
‘ಇನಾಸನಿಗೆ ಈಗೀಗ ದ್ರಾಕ್ಷಾರಸವೇ ಬೇಕಂತೆ.’

ಆಮೇಲೆ ಆಶ್ವೀಜ. ಸೌದೆ ರಾಶಿಯ ಪಕ್ಕದ ಪೇರಳೆ
ಒಮ್ಮೆಗೇ ಹಣ್ಣಾಯಿತು.
ರಾತ್ರಿ ಬಾವಲಿಯ ಪಾಲು, ಬೆಳಿಗ್ಗೆ ನಮ್ಮದು.
ಹೆಚ್ಚಿದರೆ ಒಳಗೆಲ್ಲ ಕೆಂಪು.

ಕೊನೆಯ ರಸ್ಕಿನ ತಟ್ಟೆ ಹೊರಬಂದ ಮೇಲೆ
ಭಟ್ಟಿಯಲ್ಲಿ ಯಾರಿಗೂ ಬೇಡದ ಬಿಸಿ ಉಳಿಯುತ್ತದೆ.
ಬೇರೆ ಜರಡಿ, ಬೇರೆ ತಟ್ಟೆ, ಮೂಗಿಗೆ ಕಟ್ಟಿದ ಬಟ್ಟೆ;
ಅಕ್ಕಿಹಿಟ್ಟು, ಬೆಲ್ಲ, ಪೇರಳೆ.
ಮೊದಲ ದಿನದ್ದು ಮರಳು.
ಎರಡನೆಯದನ್ನು ಬೆಕ್ಕು ಮೂಸಿ ಹೋಯಿತು.
ಮೂರನೆಯದು ನಡುವೆ ಕುಸಿದು
ಥೇಟ್ ನಮ್ಮ ಗಲ್ಲಿಯ ಗುಂಡಿ.
ಅಕ್ಕಿಗೆ ಪಕ್ಕದವರ ಕೈ ಹಿಡಿದು ಗೊತ್ತಿಲ್ಲ.

ಸೀಗೆ ಹುಣ್ಣಿಮೆಗೆ ಇನ್ನೆರಡು ದಿನ.
ಸೊಪ್ಪಿನ ಬುಟ್ಟಿ ಇಳಿಸಿ ಗುತ್ಯಮ್ಮ ಬನ್ನಿಗೆ ಬಂದಳು,
ತಟ್ಟೆ ನೋಡಿದಳು. ‘ಇದೆಂಥದು, ಗಿಡಕ್ಕೆ ಹಾಕೋದಾ?’
ವಿಷಯ ಹೇಳಿದೆ. ಅವಳಿಗೆ ನಗು.
‘ಅಂಟು ಬೇಕಾರೆ ಅಂಟಿನ ಸೊಪ್ಪು ಹಾಕು ಮಾರಾಯ,
ನಾವು ದೋಸೆಗೆ ಹಾಕಲ್ವಾ?’
ಬಿಳಿ ದಾಸವಾಳದ ಎಲೆ ಒಂದು ಹಿಡಿ ಇಟ್ಟು
ದುಡ್ಡು ಬೇಡವೆಂದು ಎರಡು ಬನ್ನು ಒಯ್ದಳು.

‘ತಲೆಗೆ ಹಚ್ಚೋದನ್ನ ಹೊಟ್ಟೆಗೆ ಹಾಕ್ತೀರಾ!’
ಎಂದಳು ಸೆಜಾರಿನ್. ಎಂದು, ತಾನೇ ಕಿವುಚಿದಳು.
ನೀರು ದಪ್ಪವಾಯಿತು, ಹಸಿರಾಯಿತು.
ಬೆರಳದ್ದಿ ಎತ್ತಿದೆ:
ಬಟ್ಟಲಿಂದ ಬೆರಳಿಗೆ ಒಂದು ಎಳೆ
ತುಂಡಾಗದೆ ತೂಗಿತು.
ಬೇರೆ ಊರಿನ ಸಂತೆಯಲ್ಲಿ ಥಟ್ಟನೆ
ಗುರುತಿನ ಮುಖ ಕಂಡ ಹಾಗೆ.

ಕೆಂಪಕ್ಕಿ ಹಿಟ್ಟು ಒಂದು ಪಾವು,
ಕಪ್ಪಾಗಿ ಕಳಿತ ಪುಟ್ಟಬಾಳೆ ಎರಡು,
ಜೋನಿಬೆಲ್ಲ ಕೈ ಸಾಕೆನ್ನುವವರೆಗೆ, ತುಪ್ಪ,
ತೇಯ್ದ ಜಾಯಿಕಾಯಿ, ಆ ಹಸಿರು ಲೋಳೆ.
ಬುಡಕ್ಕೆ ಬಾಡಿಸಿದ ಬಾಳೆಲೆ, ಮೇಲೆ ಪೇರಳೆ ಹೋಳು.
ಭಟ್ಟಿಯ ಬಾಗಿಲಿಗೆ ತಗಡು ಮುಚ್ಚಿ
ಎರಡು ಜಪಮಾಲೆ ಹೊತ್ತು ಕಾದೆ;
ಎರಡನೆಯದರಲ್ಲಿ ಲೆಕ್ಕ ತಪ್ಪಿತು.

ಅಂಚು ಸೀದಿತ್ತು. ಹೋಳಿನ ಸುತ್ತ ಬೆಲ್ಲ ಗುಳುಗುಳು.
ಕತ್ತರಿಸಿದೆ. ತುಂಡು ನಿಂತಿತು,
ತನ್ನ ಕಾಲ ಮೇಲೆ ತಾನು, ಕೊಂಚ ಹಸಿರು, ಕೊಂಚ ಒದ್ದೆ.
ಕೇಕ್ ಅಲ್ಲ ಅದು. ಕಡುಬೂ ಅಲ್ಲ.
ಇಬ್ಬರೂ ನಿಂತೇ ತಿಂದೆವು.
‘ಉಪ್ಪು ಕಡಿಮೆ,’ ಎಂದಳು, ಎರಡನೆಯ ತುಂಡಿಗೆ ಕೈ ಹಾಕಿ.

ಮರುದಿನ ಗುತ್ಯಮ್ಮ ಬಾಯಿ ಚಪ್ಪರಿಸಿ
ಇನ್ನೊಂದನ್ನು ಎಲೆಯಲ್ಲಿ ಕಟ್ಟಿಸಿಕೊಂಡಳು,
ಬೆಳಗಿನ ಜಾವ ಗದ್ದೆಗೊಯ್ಯುವ ಬುಟ್ಟಿಗೆ.
ಭೂಮಿಗೆ ಬಯಕೆಯ ಕಾಲವಲ್ಲವೇ, ತೆನೆಯಲ್ಲಿ ಹಾಲು.
‘ಗೋಧಿ ಇಲ್ಲ ತಾನೇ ಇದರಲ್ಲಿ?’
‘ಇಲ್ಲ.’
‘ಹಂಗಾರೆ ಸರಿ. ಅವಳಿಗೂ ಅಕ್ಕಿನೇ ಅಭ್ಯಾಸ.’

ಒಳಗೆ ಹುಡುಗ ಇರ್ಷಾದ ನಾಳೆಯ ಬನ್ನಿಗೆ
ಮೈದಾ ಮೂಟೆ ಬಿಚ್ಚುತ್ತಿದ್ದ; ದೂಳೆದ್ದಿತು.
ಬಾಗಿಲೆಳೆದು ಹೊರಗೇ ನಿಂತೆ,
ಹಲ್ಲಿನ ಸಂದಿಯಲ್ಲಿ ಒಂದು ಪೇರಳೆ ಬೀಜ.